ದೀಪಾವಳಿಗೆ ಬಿಡುಗಡೆಯಾದ ನಮ್ಮ ಮನೆಯವರು

ನಿಡೋಣಿಯ ನಮ್ಮ ತೋಟದಲ್ಲಿ ಜೋಳದ ಕಣಿಕೆಯ ಬಣವೆಗೆ ಒಂದು ಫ್ಲೆಕ್ಸ್ ಹೊದಿಸಿದ್ದಾರೆ. ಅದರ ಮೇಲೆ ನಮ್ಮ ಮನೆಯವರು ತಲೆಕೆಳಗಾಗಿ ಮಲಗಿದ್ದಾರೆ. ಕೆಂಪು ರುಮಾಲು, ಕಿವಿಯವರೆಗೆ ತಿರುವಿದ ಮೀಸೆ, ಕೆಂಡದಂಥ ಕಣ್ಣು. ಮೊನ್ನೆ ನಾನು ಹೋದಾಗ ಆಡಿನ ಮರಿಯೊಂದು ಅವರ ಹಣೆಯ ಮೇಲೆ ಮುಂಗಾಲೂರಿ ಕಣಿಕೆ ಎಳೆಯುತ್ತಿತ್ತು. ಜೊತೆಗೆ ಬಂದಿದ್ದ ಗೆಳತಿ ಕತ್ತು ವಾರೆ ಮಾಡಿ ನೋಡಿ, "ಇವರು ನಿಮ್ಮ ಯಜಮಾನ್ರಲ್ರಿ? ಎಲೆಕ್ಷನ್ನಿಗೆ ನಿಂತಿದ್ರೇನು?" ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಅಂಗಳದಿಂದ ಕೂಗಿ ಹೇಳಿದರು: "ಹೂಂ ಯವ್ವಾ, ನಿಂತಿದ್ದ. ಡಿಪಾಜಿಟ್ ಹೋತು."

ನನಗೆ ನಾಚಿಕೆಯಾಯಿತು. ಕೆಲವರಿಗೆ ಗಾಳಿ ತುಸು ಬದಲಾದರೆ ಸಾಕು, ನೆಗಡಿ ಬರುತ್ತದಲ್ಲ, ನನಗೆ ನಾಚಿಕೆ ಬರುವುದು ಹಾಗೆ. ಅದಕ್ಕೆ ಔಷಧಿಯಿಲ್ಲ. ಎರಡು ದಿನ ಇದ್ದು ತಾನಾಗಿ ಹೋಗುತ್ತದೆ. ಆದರೆ ಈ ಫ್ಲೆಕ್ಸಿನ ನಾಚಿಕೆ ಮಾತ್ರ ಹೋದ ದೀಪಾವಳಿಗೆ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ನಮ್ಮ ಸೀಮೆಯಲ್ಲಿ ಫ್ಲೆಕ್ಸಿಗೆ ಸಾವಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಹುಟ್ಟುಹಬ್ಬದ ಶುಭಾಶಯ ಕೋರಿದ ಪುಢಾರಿಗಳು ಆಮೇಲೆ ಒಣದ್ರಾಕ್ಷಿ ಶೆಡ್ಡಿಗೆ ಗಾಳಿ ತಡೆಯುತ್ತಾರೆ. ನವದಂಪತಿಗಳು ಮೋಟಾರು ಸೈಕಲ್ಲಿಗೆ ಮಳೆ ತಾಗದಂತೆ ಕಾಯುತ್ತಾರೆ. ಭಾವಪೂರ್ಣ ಶ್ರದ್ಧಾಂಜಲಿಯ ಮೇಲೆ ಶೇಂಗಾ ಒಣಹಾಕಿದ್ದನ್ನು ನಾನು ತಿಕೋಟಾದಲ್ಲಿ ಕಣ್ಣಾರೆ ಕಂಡಿದ್ದೇನೆ. ಹೀಗಿರುವಾಗ ನಮ್ಮವರು ಕಣಿಕೆ ಕಾಯುವುದರಲ್ಲಿ ಅವಮಾನವೇನೂ ಇಲ್ಲ. ಆ ಫ್ಲೆಕ್ಸು ಟಾಕೀಸಿನ ಮುಂದೆ ನೇರವಾಗಿ ನಿಂತಿದ್ದ ಮೂರೇ ದಿನಗಳಲ್ಲಿ ನಾನು ಏನೇನು ಮಾಡಿದೆ ಅನ್ನುವುದು ನೆನಪಾಗಿ ಮುಖ ಬಿಸಿಯಾಗುತ್ತದೆ, ಅಷ್ಟೆ.

ಹೌದು, ನಮ್ಮ ಮನೆಯವರು ಒಂದು ಸಿನಿಮಾದಲ್ಲಿ ಪಾರ್ಟು ಮಾಡಿದ್ದಾರೆ. ಅದಕ್ಕೆ ದುಡ್ಡನ್ನೂ ಹಾಕಿದ್ದಾರೆ. ಎಷ್ಟು ಅಂತ ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂಬ ಹೆದರಿಕೆ. ಸಿನಿಮಾದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ನೀವದನ್ನು ನೋಡಿಲ್ಲ. ಹೇಳಿದರೆ ನನ್ನ ಮನಸ್ಸು ನೋಯಬಾರದೆಂದು "ಹಾಂ, ಎಲ್ಲೋ ನೋಡಿದ ಹಾಗಿದೆ" ಅನ್ನುತ್ತೀರಿ. ಆ ಮಾತು ಕೇಳಿ ಕೇಳಿ ಸಾಕಾಗಿದೆ.

ತಿಕೋಟಾ ನನ್ನ ತವರು. ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಬೇಸಿಗೆಯಲ್ಲಿ ಟೆಂಟ್ ಟಾಕೀಸು ಬರುತ್ತಿತ್ತು. ನೆಲದವರು ಮುಂದೆ, ಕುರ್ಚಿಯವರು ಹಿಂದೆ. ನಮ್ಮ ಅಜ್ಜಿ ಮನೆಯಿಂದ ಕೌದಿ ಹೊತ್ತುಕೊಂಡು ಹೋಗಿ ಹಾಸಿ, ಮೊಮ್ಮಕ್ಕಳನ್ನೆಲ್ಲ ಅದರ ಮೇಲೆ ಕೂರಿಸಿ, ತಾನು ಪರದೆಯೊಂದಿಗೆ ಮಾತಿಗಿಳಿಯುತ್ತಿದ್ದಳು. "ಹೋಗಬ್ಯಾಡ ತಂಗೀ, ಅಂವಾ ಬಾಗಲದ ಹಿಂದ ನಿಂತಾನ!" ಅಂತ ಅವಳು ನಾಯಕಿಗೆ ಕೂಗಿ ಹೇಳಿದರೆ ಇಡೀ ಟೆಂಟು ನಗುತ್ತಿತ್ತು. ನಾನು ಕೌದಿಯ ಅಂಚು ಎತ್ತಿ ಅದರೊಳಗೆ ಮುಖ ಹುದುಗಿಸುತ್ತಿದ್ದೆ. ಅಲ್ಲಿಂದ ಶುರುವಾದದ್ದು ನೋಡಿ ಈ ರೋಗ.

ನಮ್ಮಪ್ಪನದು ಕಿರಾಣಿ ಅಂಗಡಿ. ಟೆಂಟಿನ ಬಾಗಿಲಲ್ಲಿ ಹುರಿದ ಶೇಂಗಾ ಮಾರುವವರು ನಮ್ಮಲ್ಲಿಂದಲೇ ಒಯ್ಯುತ್ತಿದ್ದರು. ಬೆಳಿಗ್ಗೆ ಅಪ್ಪ ಟೆಂಟಿನೊಳಗೆ ಒಂದು ಸುತ್ತು ಹಾಕಿ, ನೆಲದ ಮೇಲಿನ ಸಿಪ್ಪೆ ನೋಡಿ ತೀರ್ಪು ಕೊಡುತ್ತಿದ್ದ. ಸಿಪ್ಪೆ ಕಾಲು ಮುಳುಗುವಷ್ಟಿದ್ದರೆ ಚಿತ್ರ ಬಿತ್ತು, ನೆಲ ಕಾಣುತ್ತಿದ್ದರೆ ಚಿತ್ರ ಗೆದ್ದಿತು. "ಪಿಚ್ಚರ್ ಛಲೋ ಇತ್ತಂದ್ರ ಕೈ ಬಾಯಿಗೆ ಹೋಗೂದು ಮರೀತೈತಿ" ಅನ್ನುವುದು ಅವನ ಸಿದ್ಧಾಂತ. ಹಾಗಾಗಿ ಕೆಟ್ಟ ಚಿತ್ರ ಬಂದಷ್ಟೂ ನಮ್ಮ ಅಂಗಡಿಗೆ ಒಳ್ಳೆಯದು. ಒಳ್ಳೆಯ ಚಿತ್ರ ಬಂದ ವಾರ ಅಪ್ಪ ಅದನ್ನು ಕಣ್ಣೀರಿಟ್ಟು ನೋಡಿ, ಮನೆಗೆ ಬಂದು ಶಪಿಸುತ್ತಿದ್ದ.

ಈಗ ಸಿಪ್ಪೆ ನೋಡಿ ಹೇಳುವವರಿಲ್ಲ. ನಾನು ಬಬಲೇಶ್ವರದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತೇನೆ. ಹಬ್ಬ ಹತ್ತಿರ ಬಂತೆಂದರೆ ನನ್ನ ಎಂಟನೇ ಇಯತ್ತೆಯ ಹುಡುಗರು ಕೋಟಿಗಳಲ್ಲೇ ಮಾತಾಡುತ್ತಾರೆ. ಯಾವ ಹೀರೋಗೆ ಮೊದಲ ದಿನ ಎಷ್ಟು, ವಾರದ ಕೊನೆಗೆ ಎಷ್ಟು, ಬೇರೆ ಭಾಷೆಯಲ್ಲಿ ಎಷ್ಟು. ಕೋಟಿಗೆ ಎಷ್ಟು ಸೊನ್ನೆ ಅಂತ ಬೋರ್ಡಿಗೆ ಕರೆದರೆ ಮಾತ್ರ ಪಕ್ಕದವನ ಮುಖ ನೋಡುತ್ತಾರೆ. ಅಂಥ ಹುಡುಗರು ಹೋದ ದೀಪಾವಳಿಯ ಹಿಂದಿನ ವಾರ ನನ್ನನ್ನು ಸುತ್ತುಗಟ್ಟಿ, "ಟೀಚರ್, ಸರ್ ಅವರ ಪಿಚ್ಚರ್‌ದು ಓಪನಿಂಗ್ ಎಷ್ಟ ಆಗಬಹುದ್ರಿ?" ಅಂತ ಕೇಳಿದರು. ನಾನು ಅವರಿಗೆ ಒಂದು ಪುಟ ವರ್ಗಮೂಲದ ಲೆಕ್ಕ ಕೊಟ್ಟು ಕೂರಿಸಿದೆ.

ನಾವಿರುವುದು ವಿಜಯಪುರದಲ್ಲಿ, ಅಲ್ಲೇ ಸೊಲ್ಲಾಪುರ ರಸ್ತೆಯಲ್ಲಿ ನಮ್ಮವರ ಅಂಗಡಿ. ಡ್ರಿಪ್ ಪೈಪು, ಸ್ಪ್ರಿಂಕ್ಲರ್, ಮೋಟಾರು ಮಾರುತ್ತಾರೆ. ಸಿನಿಮಾಕ್ಕೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ಒಂದು ಮಧ್ಯಾಹ್ನ ಬೆಂಗಳೂರಿನ ಕಡೆಯ ತರುಣನೊಬ್ಬ ಅಂಗಡಿಗೆ ಬಂದ. ಅವನೇ ನಿರ್ದೇಶಕ ಅಂತ ಆಮೇಲೆ ಗೊತ್ತಾಯಿತು.

"ಸರ್, ನಮಗೊಂದು ಮಳೆ ಬೇಕಿತ್ತು" ಅಂದನಂತೆ.

"ಮಳಿ ಈ ಅಂಗಡ್ಯಾಗ ಸಿಗಂಗಿಲ್ಲ ತಮ್ಮಾ. ನಾವ ಮುಗಲ ಕಡೆ ಮಾರಿ ಮಾಡಿ ಕುಂತೇವಿ" ಅಂದರಂತೆ ಇವರು.

ಹಾಡೊಂದರಲ್ಲಿ ಮಳೆ ಬರಬೇಕು, ಸುರಿಸುವ ಯಂತ್ರದವರು ಕೈಕೊಟ್ಟಿದ್ದಾರೆ, ಸ್ಪ್ರಿಂಕ್ಲರಿನಿಂದ ಆಗುತ್ತದೆಯೇ ಅಂತ ಆ ಹುಡುಗ ಕೇಳಿದ. ಇವರು ಪೈಪು, ಮೋಟಾರು ಹೇರಿಕೊಂಡು ಭೂತನಾಳದ ಕೆರೆಯ ಹತ್ತಿರದ ಒಂದು ಒಣ ಹೊಲಕ್ಕೆ ತಾವೇ ಹೋಗಿ ಮಳೆ ಸುರಿಸಿ ಬಂದರು. ಮಳೆ ಎಷ್ಟು ಚೆನ್ನಾಗಿ ಬಂತೆಂದರೆ ಪಕ್ಕದ ಹೊಲದವರು ಬಂದು, "ಇನ್ನೊಂದ ಹಾಡ ಇದ್ರ ನಮ್ಮ ಹೊಲದಾಗ ಮಾಡ್ರಿ, ಹಿಂಗಾರಿಗಿ ಹಸಿ ಆಗ್ತೈತಿ" ಅಂತ ನಿರ್ದೇಶಕನ ಬೆನ್ನುಹತ್ತಿದರಂತೆ.

ಮರುದಿನ ಇವರು ಪೈಪು ಬಿಚ್ಚಿಕೊಂಡು ಬರಲು ಹೋದಾಗ, ನಾಯಕಿಯ ಅಪ್ಪನ ಪಾರ್ಟು ಮಾಡಬೇಕಾದವರು ಬಂದಿರಲಿಲ್ಲ. ನಿರ್ದೇಶಕನ ಕಣ್ಣು ಮೋಟಾರಿನ ಪಕ್ಕ ನಿಂತಿದ್ದ ನಮ್ಮವರ ಮೀಸೆಯ ಮೇಲೆ ಬಿತ್ತು. ಮನೆಯಲ್ಲಿ ಬೆಕ್ಕಿಗೂ ಗದರದ ಮನುಷ್ಯ ಊರಿಗೆಲ್ಲ ನಡುಕ ಹುಟ್ಟಿಸುವ ಗೌಡನಾದರು. ಆಮೇಲೆ ಸಿನಿಮಾದ ದುಡ್ಡು ನಡುವೆ ನಿಂತುಹೋದಾಗ, ಪಾರ್ಟು ಮಾಡಿದ ಋಣಕ್ಕೆ, ತಮ್ಮ ಕೈಯಿಂದಲೂ ಹಾಕಿದರು. ಹೀಗೆ ಪೈಪಿನಲ್ಲಿ ಹೋದ ನೀರಿನ ಹಿಂದೆಯೇ ಇವರೂ ಹೋದರು.

ದೀಪಾವಳಿಗೇ ಬಿಡುಗಡೆ ಮಾಡಬೇಕೆನ್ನುವುದು ಇವರದೇ ಹಟ. ಆಗ ಎರಡು ದೊಡ್ಡ ಚಿತ್ರಗಳು ಬರುವುದಿತ್ತು. ದೊಡ್ಡ ಹೀರೋಗಳು, ದೊಡ್ಡ ಕಟೌಟುಗಳು. ನಿಡೋಣಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ನಾನು ಮೆಲ್ಲಗೆ, "ಹಬ್ಬ ಆದ ಮ್ಯಾಲ ಬಿಟ್ರ ಹೆಂಗ್ರಿ?" ಅಂದೆ.

"ಹುಚ್ಚಿ, ಹಬ್ಬದಾಗ ಹಳ್ಳ್ಯಾಗಿಂದ ಬಂದ ಮಂದಿ ಪಿಚ್ಚರ್ ನೋಡದ ಹೊಳ್ಳಿ ಹೋಗಂಗಿಲ್ಲ" ಅಂತ ಇವರು ವಿವರಿಸಿದರು. "ಅಲ್ಲಿ ತಿಕೀಟ ಸಿಗಲಿಲ್ಲಂದ್ರ ಎಲ್ಲಿ ಹೋಗ್ತಾರ? ನಮ್ಮ ಟಾಕೀಸಿಗೆ ಬರ್ತಾರ. ಅಲ್ಲಿ ಉಕ್ಕಿದ್ದು ಇಲ್ಲಿ ಬೀಳ್ತೈತಿ."

ಅತ್ತೆಯವರು ರೊಟ್ಟಿ ಮುರಿಯುತ್ತ, "ಉಕ್ಕಿದ ಹಾಲು ಒಲಿಯಾಗ ಬೀಳ್ತೈತಿ ಬಸು. ಅದನ್ಯಾರೂ ಕುಡಿಯಂಗಿಲ್ಲ" ಅಂದರು. ಬಸು ಅನ್ನುವುದು ನಮ್ಮವರು.

ಬಿಡುಗಡೆಯ ದಿನ ನಮಗೆ ಸಿಕ್ಕಿದ್ದು ವಿಜಯಪುರದ ಒಂದು ಹಳೆಯ ಟಾಕೀಸು. ಅದರ ಎದುರಿಗಿನ ಟಾಕೀಸಿನಲ್ಲೇ ಒಂದು ದೊಡ್ಡ ಚಿತ್ರ. ಅಲ್ಲಿ ಕಟೌಟಿಗೆ ಹಾಲು ಸುರಿಯುತ್ತಿದ್ದರು, ಹಲಗೆ ಬಾರಿಸುತ್ತಿದ್ದರು, ಪಟಾಕಿಯ ಹೊಗೆ ರಸ್ತೆ ದಾಟಿ ಬಂದು ನಮ್ಮವರ ಫ್ಲೆಕ್ಸಿನ ಮೀಸೆಗೆ ಸುತ್ತಿಕೊಳ್ಳುತ್ತಿತ್ತು. ನಮ್ಮ ಕಡೆಗೆ ಬಂದವರು ನಿಡೋಣಿಯಿಂದ ಕ್ರೂಸರಿನಲ್ಲಿ ತುಂಬಿಕೊಂಡು ಬಂದ ಬೀಗರು ನೆಂಟರು, ತಿಕೋಟಾದ ನನ್ನ ಅಣ್ಣಂದಿರು, ಮತ್ತು ಬಿಸಿಲಿಗೆ ಬೇಸತ್ತು ಫ್ಯಾನು ಹುಡುಕಿ ಬಂದ ಕೆಲವರು. ನಮ್ಮ ಟಾಕೀಸಿನ ವಾಚಮನ್ನನೂ ಎದುರಿಗೆ ಹೋಗಿ ನಿಂತಿದ್ದ.

ನಮ್ಮವರು ಒಳಗೆ ಕೂರಲಿಲ್ಲ. "ನಾ ಬಾಗಲದಾಗ ನಿಂತ ಮಂದಿ ನೋಡ್ತೇನಿ" ಅಂದರು. ಅತ್ತೆಯವರು ಜೀವಮಾನದಲ್ಲಿ ಮೊದಲ ಸಲ ಟಾಕೀಸಿನೊಳಗೆ ಕಾಲಿಟ್ಟಿದ್ದರು. ಮಡಿಲಲ್ಲಿ ಚಕ್ಕುಲಿ, ಶಂಕರಪಾಳಿ, ಬೇಸನ್ ಉಂಡಿಯ ಡಬ್ಬಿ. ಕತ್ತಲಾಗಿ ಪರದೆಯ ಮೇಲೆ ಮಗ ಕಂಡ ಕೂಡಲೆ, "ಯಪ್ಪಾ! ಎಷ್ಟ ದೊಡ್ಡಾಂವ ಆಗ್ಯಾನ!" ಅಂದರು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಆ ಗೌಡ ತನ್ನ ಮಾತು ಮೀರಿದ ಮಗಳಿಗೆ ಕಪಾಳಕ್ಕೆ ಹೊಡೆಯುವ ದೃಶ್ಯ ಬಂತು. ಅತ್ತೆಯವರು ಎದ್ದೇ ನಿಂತರು.

"ಏ ಬಸ್ಯಾ! ಹೆಣ್ಣ ಕೂಸಿಗೆ ಕೈ ಎತ್ತತಿಯೇನೋ? ನಿಮ್ಮಪ್ಪ ಎಂದಾದ್ರೂ ನನ್ನ ಮ್ಯಾಲ ಕೈ ಎತ್ತಿದ್ನೇನು?"

ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹಾಕಿದರು. "ಅಜ್ಜೀ, ಇನ್ನೊಂದ ಸಲ ಬೈಯ್ರಿ" ಅಂತ ಕೂಗಿದರು. ಅತ್ತೆಯವರ ಸೆರಗು ಹಿಡಿದು ಎಳೆದು ಕೂರಿಸಿದವಳು ನಾನು. ನೇರವಾಗಿ ಹೇಳಿಬಿಡುತ್ತೇನೆ. ಆವತ್ತು ಇವರು ಪರದೆಯ ಮೇಲೆ ಬಂದಾಗಲೆಲ್ಲ ನಾನು ತಲೆ ಬಗ್ಗಿಸಿ ಮಡಿಲು ನೋಡಿಕೊಂಡು ಕೂತಿದ್ದೆ. ಬಾಯಿಪಾಠದ ಸ್ಪರ್ಧೆಯಲ್ಲಿ ನಮ್ಮದೇ ಮಗು ವೇದಿಕೆ ಹತ್ತಿದಾಗ ಆಗುವುದಿಲ್ಲವೇ, ಹಾಗೆ. ಧ್ವನಿ ಕೇಳಿಸುತ್ತಿತ್ತು. ಅಂಗಡಿಯಲ್ಲಿ ಪೈಪಿನ ಅಳತೆ ಹೇಳುವ ಧ್ವನಿಯಲ್ಲೇ "ಈ ಮನಿ ಬಾಗಲಾ ನಿನ್ನ ಪಾಲಿಗಿ ಮುಚ್ಚೇತಿ!" ಅನ್ನುತ್ತಿದ್ದರು. ಮುಖ ಮಾತ್ರ ನಾನು ನೋಡಲಿಲ್ಲ.

ಎದುರಿನ ಟಾಕೀಸಿನಲ್ಲಿ ಹೌಸ್‌ಫುಲ್ ಬೋರ್ಡು ಬಿದ್ದಿತು. ಇವರ ಸಿದ್ಧಾಂತದ ಪ್ರಕಾರ ಈಗ ಹಾಲು ಉಕ್ಕಿ ನಮ್ಮ ಕಡೆಗೆ ಹರಿಯಬೇಕು. ಟಿಕೆಟ್ ಸಿಗದವರು ನಮ್ಮ ಫ್ಲೆಕ್ಸಿನ ನೆರಳಿಗೆ ಬಂದು ನಿಂತದ್ದೂ ಹೌದು. ನಿಂತು, ಮಿರ್ಚಿ ಭಜಿ ತಿಂದು, ಕಾಗದಕ್ಕೆ ಕೈ ಒರೆಸಿ, ಅಲ್ಲಿಯದೇ ಮುಂದಿನ ಆಟಕ್ಕೆ ಸರದಿ ಹಚ್ಚಿದರು.

ಸಂಜೆ ಇವರು ನನ್ನ ಹತ್ತಿರ ಕೂತು, ಎಂದೂ ಏನೂ ಬೇಡದವರು, ಒಂದು ಮಾತು ಬೇಡಿದರು. "ಗಂಗಾ, ನಾಳಿ ಮ್ಯಾಟನಿಗೆ ಇನ್ನೊಮ್ಮೆ ಹೋಗತಿಯೇನು? ಅಂಗಡ್ಯಾಗ ಲಕ್ಷ್ಮೀ ಪೂಜಾ ಐತಿ, ನನಗ ಆಗಂಗಿಲ್ಲ. ನಮ್ಮವರಂತ ಯಾರರೆ ಒಬ್ಬರು ಒಳಗ ಇರಲಿ." ನಾನು ಹೂಂ ಅಂದೆ. ಬೇರೆ ಬಣ್ಣದ ಸೀರೆ ಉಟ್ಟುಕೊಂಡು ಹೋದರೆ ಮತ್ತೊಬ್ಬಳ ಹಾಗೆ ಕಾಣುತ್ತೇನೆ ಅನ್ನುವ ಉಪಾಯ ನನ್ನದೇ.

ಅಮಾವಾಸ್ಯೆಯ ಮಧ್ಯಾಹ್ನ ನೀಲಿ ಸೀರೆ ಉಟ್ಟು ಹೋದೆ. ಗೇಟಿನಲ್ಲಿದ್ದವನು ದೂರದಿಂದಲೇ ಕೈಮುಗಿದು, "ಬರ್ರಿ ಅಕ್ಕಾರ, ನಿನ್ನೆ ಹಸರ ಉಟ್ಟಿದ್ರಿ, ಇವತ್ತ ನೀಲಿ ಛಲೋ ಒಪ್ಪೇತ್ರಿ" ಅಂದ. ಕಿವಿಯವರೆಗೆ ಬಿಸಿಯಾಯಿತು. ಸ್ವಲ್ಪ ಹೊತ್ತು ಹೊರಗೇ ನಿಂತು ಹೋಗೋಣವೆಂದು ಫ್ಲೆಕ್ಸಿನ ಕೆಳಗೆ ಸರಿದು ನಿಂತೆ. ಆಗಲೇ ರಸ್ತೆಯ ಆಚೆಯಿಂದ ನನ್ನ ಹೆಸರು ಕೇಳಿಸಿತು. ನಮ್ಮ ಶಾಲೆಯ ಹಿಂದಿ ಶಿಕ್ಷಕಿ ಸಾವಿತ್ರಿ, ಗಂಡ ಮಕ್ಕಳೊಂದಿಗೆ, ಕೈಯಲ್ಲಿ ಟಿಕೆಟ್ ಹಿಡಿದು ರಸ್ತೆ ದಾಟಿ ಬಂದಳು. ಅವಳು ಈ ವರ್ಷವಷ್ಟೇ ವರ್ಗವಾಗಿ ಬಂದವಳು. ನಮ್ಮವರನ್ನು ನೋಡಿರಲಿಲ್ಲ, ಹುಡುಗರಿಗೆಲ್ಲ ಗೊತ್ತಿದ್ದ ಸಿನಿಮಾದ ಸುದ್ದಿಯೂ ಅದು ಹೇಗೋ ಅವಳಿಗೆ ಮುಟ್ಟಿರಲಿಲ್ಲ.

"ಗಂಗಾ ಟೀಚರ್! ಒಬ್ಬರ ನಿಂತೀರಲ್ರಿ? ಇದಕ್ಕ ಬಂದೀರೇನು?" ಅಂತ ನಮ್ಮ ಫ್ಲೆಕ್ಸಿನ ಕಡೆ ಗದ್ದ ಎತ್ತಿ ಕೇಳಿದಳು. ಆ ಗದ್ದದಲ್ಲಿ ಒಂದು ಸಣ್ಣ ನಗೆಯಿತ್ತು. ಇದ್ದಿರಲಿಕ್ಕೂ ಇಲ್ಲ, ನನಗೆ ಕಂಡಿತು.

ನನ್ನ ತಲೆಯ ಮೇಲೆ ಸರಿಯಾಗಿ ನನ್ನ ಗಂಡನ ಮೀಸೆ. "ಇಲ್ರಿ, ನಾನೂ ನಿಮ್ಮ ಪಿಚ್ಚರ್‌ಗೇ ಬಂದಿದ್ನಿ. ತಿಕೀಟ ಸಿಗಲಿಲ್ಲ" ಅಂದೆ.

"ಅಯ್ಯ, ದೇವರ ಬಂದಂಗ ಬಂದ್ರಿ ನೋಡ್ರಿ! ನಮ್ಮ ಮೈದುನ ಬರಲಿಲ್ಲ, ಒಂದ ತಿಕೀಟ ಹೆಚ್ಚಿಗಿ ಐತಿ. ನಡೀರಿ ನಡೀರಿ" ಅಂತ ಅವಳು ನನ್ನ ಮುಂಗೈ ಹಿಡಿದೇಬಿಟ್ಟಳು.

ತಲೆನೋವೆನ್ನಬಹುದಿತ್ತು. ಮನೆಯಲ್ಲಿ ಪೂಜೆಯೆನ್ನಬಹುದಿತ್ತು. ಮಕ್ಕಳಿಗೆ ದಿನಕ್ಕೆ ಹತ್ತು ಸಲ ಇಲ್ಲ ಅನ್ನುವ ನಾನು ಅವಳ ಹಿಂದೆ ರಸ್ತೆ ದಾಟಿದೆ. ಅದಕ್ಕಿಂತ ಹೀನಾಯವಾದದ್ದನ್ನು ಹೇಳಲೇ? ಚಿತ್ರ ಚೆನ್ನಾಗಿತ್ತು. ಹಾಡಿಗೆ ಜನ ಚಿಲ್ಲರೆ ತೂರಿದರು, ಹೊಡೆದಾಟಕ್ಕೆ ಎದ್ದು ನಿಂತರು. ನಾನು ಮೊದಲು ಕೈಕಟ್ಟಿಕೊಂಡು ಕೂತಿದ್ದೆ, ಆಮೇಲೆ ಸಾವಿತ್ರಿಯ ಮಗಳ ಜೊತೆ ಚಪ್ಪಾಳೆ ತಟ್ಟಿದೆ. ತೆಳ್ಳಗಿನ ಪೇಪರ್ ಚೀಲದ ಬಟಾಣಿ ನನ್ನ ಕೈಯಲ್ಲೇ ಉಳಿದಿತ್ತು, ಬಾಯಿಗೆ ಹೋಗಿರಲಿಲ್ಲ. ಅಪ್ಪ ಇದ್ದಿದ್ದರೆ ತೀರ್ಪು ಕೊಟ್ಟುಬಿಡುತ್ತಿದ್ದ.

ಸಂಜೆ ಇವರು ಪೂಜೆಯ ಹೂವು, ಪೇಡೆ ಹಿಡಿದುಕೊಂಡು ಬಂದರು. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತು ಕೇಳಿದರು. "ಹೆಂಗಿತ್ತು ಇವತ್ತ?"

"ಮಂದಿ ಭಾಳ ಇದ್ರು ಬಿಡ್ರಿ" ಅಂದೆ. ಅದು ಸುಳ್ಳಲ್ಲ. ಬಹಳ ಮಂದಿ ಇದ್ದರು.

ಇವರು ಹೂಂ ಅಂದರು. ಹೆಗಲ ಮೇಲಿನ ಟವೆಲ್ ತೆಗೆದರು. ಅದರಲ್ಲಿ ಧೂಳೇನೂ ಇರಲಿಲ್ಲ, ಆದರೂ ಒಮ್ಮೆ ಜಾಡಿಸಿದರು. ಅಂಚಿಗೆ ಅಂಚು ಕೂಡಿಸಿ ಮಡಿಚಿ ಮತ್ತೆ ಹೆಗಲಿಗೆ ಹಾಕಿಕೊಂಡರು. ನಾನು ಪೇಡೆಯನ್ನು ದೇವರ ಮುಂದಿಟ್ಟು ಒಳಗೆ ಹೋದೆ.

ಪಾಡ್ಯದ ದಿನ ಅತ್ತೆಯವರು ನಿಡೋಣಿಯಲ್ಲಿ ಸಗಣಿಯ ಪಾಂಡವರನ್ನಿಟ್ಟು ಪೂಜಿಸಿ, ಮಗನ ಸಿನಿಮಾ ಇನ್ನೊಮ್ಮೆ ನೋಡುತ್ತೇನೆಂದು ವಿಜಯಪುರಕ್ಕೆ ಬಂದರು. ಅದೇ ಹೊತ್ತಿಗೆ ಇವರ ಫೋನು. "ಲಗೂನ ಬರ್ರಿ. ಮಂದಿ ಇಲ್ಲ, ಶೋ ಹಾಕಂಗಿಲ್ಲ ಅನ್ನಾಕತ್ತಾರ."

ನಾವು ಹೋದಾಗ ಇವರು ಮ್ಯಾನೇಜರನ ಮುಂದೆ ನಿಂತಿದ್ದರು. ಮ್ಯಾನೇಜರು ಒಳ್ಳೆಯ ಮನುಷ್ಯ. ಅದೇ ಹೆಚ್ಚು ಕಷ್ಟವಾದದ್ದು.

"ಗೌಡ್ರ, ಸಿಟ್ಟಾಗಬ್ಯಾಡ್ರಿ. ಕರೆಂಟಿನ ಬಿಲ್ಲಿನ ರೊಕ್ಕರೆ ಹುಟ್ಟಬೇಕಲ್ರಿ. ನಾಳಿಯಿಂದ ಎದುರಿನ ಪಿಚ್ಚರನ್ನ ಇಲ್ಲೂ ಹಾಕು ಅಂತ ಮಾಲಕರು ಹೇಳ್ಯಾರ. ಇವತ್ತಿನದೊಂದು ಶೋ ಬೇಕಂದ್ರ ಒಂದ ನಾಕ ಮಂದಿನರೆ ತೋರಿಸ್ರಿ, ಹಾಕಿಬಿಡ್ತೇನಿ."

ಮನೆಯ ಡಬ್ಬಿಯಲ್ಲಿ ಚಕ್ಕುಲಿ ಇನ್ನೂ ಅರ್ಧದಷ್ಟಿತ್ತು. ಸಿನಿಮಾದ ಓಟ ಆಗಲೇ ಮುಗಿದಿತ್ತು. ಅತ್ತೆಯವರು, "ನಾವು ಮಂದಿ ಅಲ್ಲೇನು?" ಅಂದರು. "ನೀವು ಮನಿಯವರ್ರೀ ಯವ್ವಾ" ಅಂದ ಮ್ಯಾನೇಜರು. ಇವರು ಗೋಡೆಯ ಮೇಲಿನ ಹಳೆಯ ಪೋಸ್ಟರು ನೋಡುತ್ತ ನಿಂತರು. ಆ ನಿಂತ ರೀತಿ ನೋಡಿದ ಮೇಲೆ ನನ್ನಿಂದ ಅಲ್ಲಿರಲಾಗಲಿಲ್ಲ. ಹೊರಗೆ ಬಂದೆ.

ಎದುರಿಗೆ ಮತ್ತೆ ಹೌಸ್‌ಫುಲ್. ಫುಟ್‌ಪಾತಿನ ಅಂಚಿಗೆ ಒಂದು ಕುಟುಂಬ ಪೆಚ್ಚಾಗಿ ನಿಂತಿತ್ತು. ಗಂಡ, ಹೆಂಡತಿ, ಒಬ್ಬ ಮುದುಕಿ, ಹೊಸ ಫ್ರಾಕು ಹಾಕಿ ತಲೆತುಂಬ ಚೆಂಡುಹೂ ಮುಡಿದ ಪುಟ್ಟ ಹುಡುಗಿ. ಎಲ್ಲರದೂ ಹೊಸ ಬಟ್ಟೆ. ನಾನು ಜೀವನದಲ್ಲಿ ಯಾರನ್ನೂ ದಾರಿಯಲ್ಲಿ ತಡೆದು ಮಾತಾಡಿಸಿದವಳಲ್ಲ.

"ಯಾವೂರ್ರಿ ನಿಮ್ದು?" ಅಂದೆ.

"ಭೂತನಾಳ್ರಿ" ಅಂದ ಆತ. "ಪಿಚ್ಚರ್ ತೋರಸ್ತೇನಿ ಅಂತ ಕರಕೊಂಡ ಬಂದಿದ್ನಿ. ತಿಕೀಟ ಇಲ್ಲಂತ."

"ಈ ಕಡಿಗೂ ಒಂದೈತ್ರಿ" ಅಂತ ಕೈತೋರಿಸಿದೆ. ಮುಂದಿನ ಮಾತನ್ನು ಹುಡುಗಿಯ ಚೆಂಡುಹೂ ನೋಡುತ್ತ ಹೇಳಿದೆ. "ನಮ್ಮ ಮನಿಯವರು ಅದರಾಗ ಪಾರ್ಟ್ ಮಾಡ್ಯಾರ. ಮಂದಿ ಇಲ್ಲಂತ ಶೋ ನಿಲ್ಲಸಾಕತ್ತಾರ. ತಿಕೀಟ ನಾವ ಕೊಡ್ತೇವಿ, ನೀವು ಬಂದು ಕುಂತ್ರ ಸಾಕು."

ಆತ ಹೆಂಡತಿಯ ಮುಖ ನೋಡಿದ. ಹೆಂಡತಿ ಫ್ಲೆಕ್ಸು ನೋಡಿದಳು. ಮುದುಕಿ ಮಾತ್ರ, "ಕರದಾಳಲ್ಲಪಾ ಹೆಣಮಗಳು, ಹಬ್ಬದ ದಿನ. ನಡೀ" ಅಂದಳು. ಟಿಕೆಟಿನ ದುಡ್ಡು ನಾನು ಎಷ್ಟು ಹೇಳಿದರೂ ಅವನೇ ಕೊಟ್ಟ. "ಬಿಟ್ಟಿ ನೋಡಿದ್ರ ನಿದ್ದಿ ಬರ್ತೈತ್ರಿ" ಅಂತ ನಕ್ಕ.

ಶೋ ಶುರುವಾಯಿತು. ಖಾಲಿ ಕುರ್ಚಿಗಳ ನಡುವೆ ನಾವೆಲ್ಲ ಒಂದೇ ಸಾಲಿನಲ್ಲಿ, ಒಂದೇ ಮನೆಯವರ ಹಾಗೆ. ಪುಟ್ಟ ಹುಡುಗಿ ನನ್ನ ಪಕ್ಕ ಕೂತು ಅತ್ತೆಯವರ ಶಂಕರಪಾಳಿ ಮೆಲ್ಲುತ್ತಿತ್ತು. ಮಗಳನ್ನು ಹೊಡೆಯುವ ದೃಶ್ಯ ಬರುವ ಹೊತ್ತಿಗೆ ನಾನು ರೂಢಿಯಂತೆ ಕತ್ತು ಬಗ್ಗಿಸಿದೆ. ಪರದೆಯಿಂದ ಇವರ ಅಬ್ಬರ ಕೇಳಿದ್ದೇ ತಡ, ಆ ಹುಡುಗಿ ಕಿಟಾರನೆ ಕಿರುಚಿ ನನ್ನ ಮಡಿಲಿಗೆ ಮುಖ ತಂದು ಹುದುಗಿಸಿತು. ನಾನು ನೋಡುತ್ತ ಕೂರುತ್ತಿದ್ದ ಜಾಗ ಹೋಯಿತು. ಬೇರೆ ದಾರಿಯಿಲ್ಲದೆ ತಲೆ ಎತ್ತಿದೆ.

ಮಗಳು ಮನೆ ಬಿಟ್ಟು ಹೋಗುತ್ತಾಳೆ. ಗೌಡ ಅಂಗಳದ ಹೊರಸಿನ ಮೇಲೆ ಒಬ್ಬನೇ ಕೂರುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆಯುತ್ತಾನೆ. ಇಲ್ಲದ ಧೂಳು ಜಾಡಿಸುತ್ತಾನೆ. ಅಂಚಿಗೆ ಅಂಚು ಕೂಡಿಸಿ ಮಡಿಚಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಾನೆ.

ಹಿಂದಿನ ಸಂಜೆ ಪಡಸಾಲೆಯಲ್ಲಿ ಇದನ್ನು ನೋಡಿ ನಾನು ಪೇಡೆ ಹಿಡಿದುಕೊಂಡು ಒಳಗೆ ಹೋಗಿದ್ದೆ. ಈಗ ಅದು ಗೋಡೆಯಷ್ಟು ದೊಡ್ಡದಾಗಿ ಎದುರಿಗಿತ್ತು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಇವರಿಗೆ ನೋವಾದರೆ ಇವರು ಹೀಗೆ ಮಾಡುತ್ತಾರೆ.

ಆಟ ಮುಗಿದು ಹೊರಗೆ ಬಂದರೆ ಬಾಗಿಲಲ್ಲೇ ಇವರು. ಹುಡುಗಿ ಅವರನ್ನು ಕಂಡದ್ದೇ ಚೀರಿಕೊಂಡು ಅಜ್ಜಿಯ ಹಿಂದೆ ಅಡಗಿತು. ಅಪ್ಪ ಪಾಪ, "ಸಣ್ಣದೈತ್ರಿ, ತಿಳಿಯಂಗಿಲ್ಲ" ಅಂತ ಗಾಬರಿಯಾದ. ನಮ್ಮವರ ಮುಖ ನೋಡಬೇಕಿತ್ತು! "ಅಳಲಿ ಬಿಡ್ರಿ, ಅಳಲಿ!" ಅನ್ನುತ್ತಾರೆ. ಬೇಸನ್ ಉಂಡಿ ಹಿಡಿದು ಬಗ್ಗಿ ಕರೆಯುತ್ತಾರೆ. ಅದು ಇನ್ನೂ ಜೋರಾಗಿ ಅಳುತ್ತದೆ, ಇವರು ಇನ್ನೂ ಅರಳುತ್ತಾರೆ. "ಗಂಗಾ, ನೋಡಿದೆಲ್ಲ? ಖರೇನ ಅಂಜೇತಿ!"

"ಕೂಸಿನ್ನ ಅಳಿಸಿ ನಗತಾನ ನೋಡು" ಅಂತ ಅತ್ತೆಯವರು ಉಂಡಿ ಕಸಿದುಕೊಂಡು ಮುದುಕಿಯ ಕೈಗೆ ಕೊಟ್ಟರು. ಆಮೇಲೆ ನಿಡೋಣಿಯ ಗಾಡಿ ಹತ್ತಿದರು.

ನಾವಿಬ್ಬರೂ ಬೈಕಿನಲ್ಲಿ ಹೊರಟೆವು. ಸೊಲ್ಲಾಪುರ ರಸ್ತೆಯ ಅಂಗಡಿಗಳ ಮುಂದೆ ಸರಪಟಾಕಿ ಹಚ್ಚುತ್ತಿದ್ದರು. ಸದ್ದು ತುಸು ಹಿಂದೆ ಬಿದ್ದ ಮೇಲೆ ನಾನೇ ಬಾಯಿ ತೆರೆದೆ.

"ಮಗಳು ಹೋದ ಮ್ಯಾಲ ಹೊರಸಿನ ಮ್ಯಾಲ ಕುಂತಿದ್ರೆಲ್ರಿ, ಟವೆಲ್ ಮಡಚಿ... ಅದನ್ನ ಭಾಳ ಛಲೋ ಮಾಡೀರಿ."

"ಅದು ಡೈರೆಕ್ಟರ್ ಹೇಳಿದ್ದಲ್ಲ" ಅಂದರು. "ಏನ್ ಮಾಡಬೇಕಂತ ತಿಳೀಲಿಲ್ಲ, ಹಂಗ ಮಾಡಿದ್ನಿ." ಸ್ವಲ್ಪ ದೂರ ಹೋಗಿ ಮತ್ತೆ ಅಂದರು. "ಇವತ್ತ ನೋಡಿದಿ, ಹೌದಿಲ್ಲೋ?"

"ಅಂದ್ರ?"

"ಮೊದಲ ದಿನ ನಾ ಬಾಗಲದಾಗ ನಿಂತಿದ್ನಿ. ನಾ ಪರದೆ ಮ್ಯಾಲ ಬಂದಾಗೊಮ್ಮೆ ನಿನ್ನ ತೆಲಿ ಕೆಳಗ ಹೋಗತಿತ್ತು. ಮಂದಿ ನೋಡಾಕ ನಿಂತಾಂವ, ಬರೇ ನಿನ್ನ ತೆಲಿ ನೋಡಿ ಬಂದ್ನಿ."

ಹಿಂದಿನ ಸೀಟಿನಲ್ಲಿ ನಾನು ಅವರ ಹೆಗಲು ಹಿಡಿದಿದ್ದೆ. ಕೈ ತೆಗೆಯಬೇಕೋ ಬಿಡಬೇಕೋ ತಿಳಿಯಲಿಲ್ಲ. "ಮತ್ತ ನಿನ್ನೆ..." ಅಂದೆ.

"ನಿನ್ನೆನೂ ಬಂದಿದ್ನಿ. ಪೂಜಾಕ್ಕ ಐನೋರು ಬರೂದು ತಡಾ ಇತ್ತು. ಒಳಗ ನೋಡಿದ್ನಿ, ನೀ ಇರಲಿಲ್ಲ. ಎದುರಿಗಿನ ಟಾಕೀಸಿಗೆ ಹೋದ್ರು ಅಂತ ಗೇಟಿನಾಂವ ಹೇಳಿದ." ಗೇರು ಬದಲಿಸಿದರು. "ಮಂದಿ ಭಾಳ ಇದ್ರು ಅಂದಿ. ನಾ ಹೂಂ ಅಂದ್ನಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆ ಗೌಡನ ಹಾಗೆ ಒಮ್ಮೆ ಅಬ್ಬರಿಸಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಹಗುರಾಗುತ್ತಿದ್ದೆ. ಅವರು ಕೇಳಿದ್ದು ಇಷ್ಟೇ. "ಛಲೋ ಇತ್ತೇನು ಆ ಪಿಚ್ಚರ್?"

"ಛಲೋ ಇತ್ರಿ" ಅಂದೆ. ಮತ್ತೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಹಂಗಾದ್ರ ನಾನೂ ನೋಡಬೇಕು. ನಾಳಿ ನಮ್ಮ ಟಾಕೀಸಿನಾಗೂ ಹಾಕ್ತಾರಂತಲ್ಲ. ಇಬ್ಬರೂ ಹೋಗೂಣು."

ಮರುದಿನ ಹೋದೆವು. ಟಾಕೀಸು ಕಿಕ್ಕಿರಿದಿತ್ತು. ಗೇಟಿನವನು ಕೈಮುಗಿದ, ಆದರೆ ಸೀರೆಯ ಮಾತಾಡಲಿಲ್ಲ. ಇವರು ಮಕ್ಕಳ ಹಾಗೆ ಕುರ್ಚಿಯ ತುದಿಗೆ ಸರಿದು ಕೂತು, ಹಾಡಿಗೆ ತೊಡೆ ತಟ್ಟುತ್ತ, ಹೊಡೆದಾಟಕ್ಕೆ ಎಲ್ಲರ ಜೊತೆ ಎದ್ದು ನಿಲ್ಲುತ್ತ, "ಏನ್ ಮಾಡ್ಯಾನಲೇ!" ಅಂತ ಆ ದೊಡ್ಡ ಹೀರೋನನ್ನು ಮನಸಾರೆ ಹೊಗಳುತ್ತ ನೋಡಿದರು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ನೋಡ ಗಂಗಾ, ಚಂದ ಐತಿ" ಅಂದರು.

ಅವತ್ತು ಪರದೆಯ ಮೇಲೆ ನಮ್ಮವರು ಯಾರೂ ಇರಲಿಲ್ಲ. ಆದರೂ ನನಗೆ ಕೊನೆಯವರೆಗೆ ತಲೆ ಎತ್ತಲಾಗಲಿಲ್ಲ.